ದಿನನಿತ್ಯದ ಕೋಡಿಂಗ್ ಕೆಲಸಗಳು: ಪೈಥಾನ್ ಭಾಷೆ ಮತ್ತು ಯಾದಗಿರಿ ಸೀಮೆಯ ಕನ್ನಡ ದತ್ತಾಂಶ

ಊರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು, ಸಾವಿರ ಸಾಲುಗಳ ಕಡತದಿಂದ ಬೇಕಾದ ಹತ್ತು ಸಾಲು ಹೆಕ್ಕುವುದು, ಎರಡು ಸಲ ಬಂದ ಹೆಸರನ್ನು ಒಂದಾಗಿಸುವುದು, ಎರಡು ದಿನಾಂಕಗಳ ನಡುವಿನ ದಿನಗಳನ್ನು ಎಣಿಸುವುದು: ಇಂಥ ಕೆಲಸಗಳನ್ನು ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮಿನಿಂದ ಮಾಡಿಸುವುದೇ ಸ್ಕ್ರಿಪ್ಟಿಂಗ್. ಪರ್ಲ್, ರೂಬಿ, ಜಾವಾಸ್ಕ್ರಿಪ್ಟ್ ಇದೇ ಜಾತಿಯ ಭಾಷೆಗಳು. ಇಂಥ ಕೆಲಸಗಳಿಗೆ ಇಂದು ಬಹಳ ಬಳಕೆಯಲ್ಲಿರುವುದು ಪೈಥಾನ್. ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಇದನ್ನು ಕಟ್ಟಲು ತೊಡಗಿ 1991ರ ಫೆಬ್ರುವರಿಯಲ್ಲಿ ಮೊದಲ ಸಲ ಬಿಡುಗಡೆ ಮಾಡಿದರು. ಕನ್ನಡವೂ ಸೇರಿದಂತೆ ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಟ್ಟ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ. ಆದರೆ ಎರಡೂ ಸರಿಯಾಗಿ ಕೂಡಿ ಬಾಳಲು 2008ರ ಡಿಸೆಂಬರ್ 3ರಂದು ಪೈಥಾನ್ 3 ಬರಬೇಕಾಯಿತು. ಅದಕ್ಕೂ ಹಿಂದಿನ ಪೈಥಾನ್‌ನಲ್ಲಿ ಕನ್ನಡ ಬರೆದವರಿಗೆ ಆ ಪಾಡು ಗೊತ್ತು. ಹಳೆಯ ಪೈಥಾನ್ 2ಕ್ಕೆ 2020ರ ಜನವರಿ 1ರಂದು ವಿದಾಯ ಹೇಳಲಾಯಿತು.

ಈ ಕೆಲಸಗಳ ಪರಿಹಾರಗಳು ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅವೆಲ್ಲ ಇಂಗ್ಲಿಷ್ ಅಕ್ಷರ, ಅಮೆರಿಕದ ಅಂಕೆ, ಪಾಶ್ಚಾತ್ಯ ಪಂಚಾಂಗವನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ಯಾದಗಿರಿ, ಶಹಾಪುರ, ಸುರಪುರದ ಒಂದು ಕಚೇರಿಯ ಕಡತವನ್ನು ಅದೇ ಸೂತ್ರಗಳಿಗೆ ಒಡ್ಡಿದರೆ ಪ್ರೋಗ್ರಾಂ ಹೆಚ್ಚಿನ ಸಲ ನಿಲ್ಲುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ತಪ್ಪು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಎಲ್ಲೆಲ್ಲಿ ಹಾಗಾಗುತ್ತದೆ ಎಂಬುದೇ ಈ ಲೇಖನದ ಮುಖ್ಯ ವಿಷಯ. ಚಕ್ರಗತಿ (ಲೂಪ್), ಷರತ್ತು, ಪಟ್ಟಿಗೆ ಸೇರಿಸುವುದು ಮುಂತಾದ ಮೊದಲ ಪಾಠಗಳು ಎಲ್ಲ ಭಾಷೆಯವರಿಗೂ ಒಂದೇ. ಅವನ್ನು ಇಲ್ಲಿ ಬಿಟ್ಟಿದೆ.

ಸೀಮೆ ಮತ್ತು ಅದರ ದಾಖಲೆಗಳು

ಯಾದಗಿರಿ ಜಿಲ್ಲೆ ಕಲಬುರಗಿಯಿಂದ ಬೇರೆಯಾಗಿ 2009ರ ಡಿಸೆಂಬರ್ 30ರಂದು ರಾಜ್ಯದ 30ನೇ ಜಿಲ್ಲೆಯಾಯಿತು. ಆಗ ಇದ್ದವು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕು. 2017-18ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳು ಘೋಷಣೆಯಾದ ಮೇಲೆ ಯಾದಗಿರಿಯಿಂದ ಗುರುಮಠಕಲ್, ಶಹಾಪುರದಿಂದ ವಡಗೇರಾ, ಸುರಪುರದಿಂದ ಹುಣಸಗಿ ಒಡೆದು ಆರಾದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ.

ದತ್ತಾಂಶದ ಕೆಲಸ ಮಾಡುವವರಿಗೆ ಈ ಆಡಳಿತ ಚರಿತ್ರೆಯೇ ಮೊದಲ ಗಂಟು. 2001ರ ಜನಗಣತಿಯ ಕಡತದಲ್ಲಿ ಯಾದಗಿರಿಯನ್ನು ಜಿಲ್ಲೆಯಾಗಿ ಹುಡುಕಿದರೆ ಸಿಗದು. ಗುಲ್ಬರ್ಗ ಜಿಲ್ಲೆಯೊಳಗಿನ ತಾಲ್ಲೂಕಾಗಿ ಸಿಗುತ್ತದೆ. 2011ರ ಕಡತದಲ್ಲಿ ಮೂರು ತಾಲ್ಲೂಕು, ಇತ್ತೀಚಿನದರಲ್ಲಿ ಆರು. ಇವೆರಡನ್ನು ತಾಲ್ಲೂಕಿನ ಹೆಸರಿನ ಮೇಲೆ ಜೋಡಿಸಿದರೆ ಸುರಪುರದ ಜನಸಂಖ್ಯೆ ಕುಸಿದಂತೆ ಕಾಣುತ್ತದೆ. ಕುಸಿದದ್ದು ಜನರಲ್ಲ, ಗಡಿ. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯೇ ಹಳೆಯ ದಾಖಲೆಯಲ್ಲಿ ಸುರಪುರ ತಾಲ್ಲೂಕಿನಲ್ಲಿದೆ, ಹೊಸದರಲ್ಲಿ ಹುಣಸಗಿಯಲ್ಲಿದೆ. ಇದಕ್ಕೆ ಪೈಥಾನ್‌ನಲ್ಲಿ ಮದ್ದು ಒಂದೇ: ಹೊಸ ತಾಲ್ಲೂಕಿನಿಂದ ಹಳೆಯ ತಾಲ್ಲೂಕಿಗೆ ಕೊಂಡಿ ಹಾಕುವ ಚಿಕ್ಕ ‘ಡಿಕ್ಷನರಿ’. ಹುಣಸಗಿ ಎಂದರೆ ಸುರಪುರ, ವಡಗೇರಾ ಎಂದರೆ ಶಹಾಪುರ, ಗುರುಮಠಕಲ್ ಎಂದರೆ ಯಾದಗಿರಿ ಎಂಬ ಮೂರು ಜೋಡಿ ಸಾಕು. ಹೋಲಿಸುವ ಮುನ್ನ ಎಲ್ಲವನ್ನೂ ಹಳೆಯ ಮೂರಕ್ಕೆ ಇಳಿಸಬೇಕು.

ಒಂದು ಊರು, ಹತ್ತು ಬರಹ

ಸುರಪುರದಷ್ಟು ಕಾಗುಣಿತ ಕಂಡ ಊರು ಕರ್ನಾಟಕದಲ್ಲಿ ಕಡಿಮೆ. ಜನರ ಬಾಯಲ್ಲಿ ಸುರಪುರ, ಚುನಾವಣಾ ಕ್ಷೇತ್ರದ ಪಟ್ಟಿಯಲ್ಲಿ ಶೋರಾಪುರ, ಕೆಲವು ಫಲಕಗಳಲ್ಲಿ ಸುರಪೂರ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬಳಸಿದ ಇಂಗ್ಲಿಷ್ ಕಾಗುಣಿತವೇ ಬೇರೆ. ಶಹಾಪುರ ಕೂಡ ಶಹಾಪೂರ, ಶಹಪುರ, ಶಾಹಾಪುರ ಎಂದು ಬರುತ್ತದೆ. ಬೆಳಗಾವಿ ನಗರದೊಳಗೂ ಒಂದು ಶಹಾಪುರ ಇದೆ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಇನ್ನೊಂದು.

ಬೇರೆಬೇರೆ ಬರಹಗಳನ್ನು ಒಂದಾಗಿಸಲು ಪೈಥಾನ್ ಪುಸ್ತಕಗಳು ಸಾಮಾನ್ಯವಾಗಿ ಸೂಚಿಸುವುದು ‘ಡಿಫ್‌ಲಿಬ್’ ಎಂಬ ಜೊತೆಗೇ ಬರುವ ಮಾಡ್ಯೂಲನ್ನು. ಎರಡು ಪದಗಳಲ್ಲಿ ಸಮನಾದ ತುಣುಕುಗಳನ್ನು ಹುಡುಕಿ, ಅವುಗಳ ಉದ್ದವನ್ನು ದುಪ್ಪಟ್ಟು ಮಾಡಿ, ಒಟ್ಟು ಉದ್ದದಿಂದ ಭಾಗಿಸಿ ಅದು ಸೊನ್ನೆಯಿಂದ ಒಂದರವರೆಗಿನ ಅಂಕ ಕೊಡುತ್ತದೆ. 0.6 ದಾಟಿದರೆ ಹತ್ತಿರದ ಹೆಸರು ಎಂದು ಲೆಕ್ಕ. ಶಹಾಪುರಕ್ಕೂ ಶಹಾಪೂರಕ್ಕೂ 0.83 ಬರುತ್ತದೆ, ಒಳ್ಳೆಯದು. ಈಗ ಶೋರಾಪುರವನ್ನು ಕೊಟ್ಟು, ಇದು ಶಹಾಪುರವೋ ಸುರಪುರವೋ ಎಂದು ಕೇಳಿ ನೋಡಿ. ಶೋರಾಪುರ–ಸುರಪುರಕ್ಕೆ ಸಿಗುವುದು 13ರಲ್ಲಿ 8, ಅಂದರೆ 0.62. ಶೋರಾಪುರ–ಶಹಾಪುರಕ್ಕೆ 13ರಲ್ಲಿ 10, ಅಂದರೆ 0.77. ಮೊದಲಲ್ಲಿ ‘ಶ’, ಕೊನೆಯಲ್ಲಿ ಆಕಾರದ ಚಿಹ್ನೆಯೊಂದಿಗೆ ‘ಪುರ’ ಎರಡಕ್ಕೂ ಸಮಾನ ಅಲ್ಲವೇ? ಹೀಗೆ ಯಂತ್ರ ಸುರಪುರದ ಸಾಲುಗಳನ್ನೆಲ್ಲ ಪಕ್ಕದ ತಾಲ್ಲೂಕಿಗೆ ಸಾಗಿಸುತ್ತದೆ, ಅದೂ ಪೂರ್ಣ ವಿಶ್ವಾಸದಿಂದ.

ಆದ್ದರಿಂದ ಊರ ಹೆಸರಿನ ವಿಷಯದಲ್ಲಿ ಹೋಲಿಕೆಯ ಅಂಕವನ್ನು ನಂಬುವುದಕ್ಕಿಂತ ಕೈಯಿಂದ ಬರೆದ ಪರ್ಯಾಯಗಳ ಪಟ್ಟಿ ಮೇಲು. ಅದಕ್ಕಿಂತಲೂ ಮೇಲು, ಹೆಸರನ್ನು ಬಿಟ್ಟು ಸಂಖ್ಯೆಯ ಮೇಲೆ ಜೋಡಿಸುವುದು. ವಿಧಾನಸಭಾ ಕ್ಷೇತ್ರಗಳಲ್ಲಿ ಶೋರಾಪುರಕ್ಕೆ 36, ಶಹಾಪುರಕ್ಕೆ 37, ಯಾದಗಿರಿಗೆ 38, ಗುರುಮಠಕಲ್‌ಗೆ 39 ಎಂಬ ಸಂಖ್ಯೆ ಇದೆ. ಸಂಖ್ಯೆಗೆ ಕಾಗುಣಿತವಿಲ್ಲ.

ಅಕ್ಷರ ಎಂದರೆ ಎಷ್ಟು

‘ಯಾದಗಿರಿ’ಯಲ್ಲಿ ಎಷ್ಟು ಅಕ್ಷರ? ಒಂದನೇ ತರಗತಿಯ ಮಗು ನಾಲ್ಕು ಎನ್ನುತ್ತದೆ. ಪೈಥಾನ್‌ನ ‘ಲೆನ್’ ಏಳು ಎನ್ನುತ್ತದೆ. ಕಡತದಲ್ಲಿ ಅದು ತೆಗೆದುಕೊಳ್ಳುವ ಜಾಗ 21 ಬೈಟ್. ಮೂರೂ ಸರಿಯೇ. ಯೂನಿಕೋಡ್‌ನಲ್ಲಿ ‘ಯಾ’ ಎಂಬುದು ‘ಯ’ ಮತ್ತು ಆಕಾರದ ಚಿಹ್ನೆ ಎಂಬ ಎರಡು ಸಂಕೇತ, ‘ಗಿ’, ‘ರಿ’ಗಳೂ ಹಾಗೆಯೇ, ‘ದ’ ಮಾತ್ರ ಒಂಟಿ. ಒಟ್ಟು ಏಳು. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ಎಸ್‌ಎಂಎಸ್ ಕಳಿಸುವ ಪ್ರೋಗ್ರಾಮಿಗೆ ಬೇಕಾದದ್ದು ಈ ಏಳೇ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರದ ಮಿತಿ ಇದ್ದರೆ ಕನ್ನಡಕ್ಕೆ 70 ಸಂಕೇತದ ಮಿತಿ, ಗುಣಿತ ಚಿಹ್ನೆಗಳೂ ಅದರಲ್ಲೇ ಎಣಿಕೆಯಾಗುತ್ತವೆ. ಫಾರ್ಮಿನ ಚೌಕಗಳಲ್ಲಿ ಹೆಸರು ತುಂಬಿಸುವವರಿಗೆ ಬೇಕಾದದ್ದು ನಾಲ್ಕು.

ಪದವನ್ನು ತಿರುಗಿಸುವುದು ಎಲ್ಲ ಪ್ರೋಗ್ರಾಮಿಂಗ್ ತರಗತಿಗಳ ಅಚ್ಚುಮೆಚ್ಚಿನ ಅಭ್ಯಾಸ. ಪೈಥಾನ್‌ನಲ್ಲಿ ಅದು ಚೌಕಾವರಣದೊಳಗೆ ಎರಡು ವಿವರಣ ಚಿಹ್ನೆ ಮತ್ತು ಋಣ ಒಂದು ಬರೆದರೆ ಮುಗಿಯುವ ಕೆಲಸ. ‘ಯಾದಗಿರಿ’ಯನ್ನು ಹಾಗೆ ತಿರುಗಿಸಿದರೆ ಒಂದು ಅನಾಥ ಗುಡಿಸು, ಆಮೇಲೆ ‘ರಿಗದಾಯ’ ಬರುತ್ತದೆ. ‘ಗ’ಕಾರದ ಗುಡಿಸು ‘ರ’ಕ್ಕೆ ಅಂಟಿತು, ‘ಯ’ಕಾರದ ದೀರ್ಘ ‘ದ’ಕ್ಕೆ ಹೋಯಿತು, ಕೊನೆಯ ಗುಡಿಸಿಗೆ ಆಸರೆಯೇ ಇಲ್ಲದಾಯಿತು. ಎರಡೂ ಕಡೆಯಿಂದ ಓದಿದರೂ ಒಂದೇ ಆಗುವ ಪದಕ್ಕೆ ನಾವು ಕೊಡುವ ಮೊದಲ ಉದಾಹರಣೆ ‘ವಿಕಟಕವಿ’. ಪಠ್ಯಪುಸ್ತಕದ ಸೂತ್ರಕ್ಕೆ ಅದನ್ನು ಕೊಟ್ಟರೆ ‘ಫಾಲ್ಸ್’ ಎಂಬ ಉತ್ತರ ಬರುತ್ತದೆ. ಪದದ ಆರಂಭದಲ್ಲಿರುವುದು ‘ವ’, ಕೊನೆಯಲ್ಲಿರುವುದು ಗುಡಿಸಿನ ಚಿಹ್ನೆ; ಎರಡೂ ಒಂದೇ ಅಲ್ಲವಲ್ಲ!

ಪರಿಹಾರ ಕಷ್ಟದ್ದಲ್ಲ. ಮೊದಲು ಪದವನ್ನು ಅಕ್ಷರಗಳಾಗಿ ಒಡೆದು ಪಟ್ಟಿ ಮಾಡಬೇಕು, ಆ ಪಟ್ಟಿಯನ್ನು ತಿರುಗಿಸಬೇಕು. ಒಡೆಯಲು ‘ರೆಜೆಕ್ಸ್’ ಎಂಬ ಹೊರಗಿನ ಮಾಡ್ಯೂಲ್ ಇದೆ. ಅದು ವ್ಯಂಜನವನ್ನೂ ಅದರ ಗುಣಿತ ಚಿಹ್ನೆಯನ್ನೂ ಒಟ್ಟಿಗೆ ಹಿಡಿಯುತ್ತದೆ. ಒತ್ತಕ್ಷರ ಬಂದಾಗ ಮಾತ್ರ ಅದೂ ಎಡವುತ್ತದೆ. ‘ಕಕ್ಕೇರಾ’ ಎಂಬ ಊರ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ, ಅದಕ್ಕೆ ನಾಲ್ಕು: ಕ, ಕ್, ಕೇ, ರಾ. ತುಣುಕೊಂದು ಹಲಂತದಲ್ಲಿ, ಅಂದರೆ ಅರ್ಧಾಕ್ಷರದಲ್ಲಿ ಮುಗಿದರೆ ಅದನ್ನು ಮುಂದಿನ ತುಣುಕಿಗೆ ಅಂಟಿಸು ಎಂಬ ಒಂದು ಸಾಲಿನ ನಿಯಮ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ.

ಪೈಥಾನ್‌ನೊಂದಿಗೇ ಬರುವ ‘ಆರ್‌ಇ’ ಮಾಡ್ಯೂಲಿನದು ಇನ್ನೂ ದೊಡ್ಡ ದೋಷ. ಪದಗಳನ್ನು ಹೆಕ್ಕಲು ಎಲ್ಲರೂ ಬಳಸುವ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಎಂಬ ಗುರುತು ಗುಣಿತ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದೇ ಇಲ್ಲ. ಅದರ ಕೈಯಲ್ಲಿ ‘ಯಾದಗಿರಿ’ ಸಿಕ್ಕರೆ ‘ಯ’, ‘ದಗ’, ‘ರ’ ಎಂಬ ಮೂರು ಪದಗಳಾಗುತ್ತವೆ. ಇಂಥ ಎಣಿಕೆಯಿಂದ ಹುಟ್ಟಿದ ಕನ್ನಡ ಪದಪಟ್ಟಿಗಳಲ್ಲಿ ಒಂಟಿ ವ್ಯಂಜನಗಳೇ ತುಂಬಿಕೊಂಡಿರುತ್ತವೆ. ಸುಲಭದ ದಾರಿ, ಖಾಲಿ ಜಾಗದಲ್ಲಿ ಕತ್ತರಿಸುವ ‘ಸ್ಪ್ಲಿಟ್’ ಬಳಸಿ ಆಮೇಲೆ ವಿರಾಮ ಚಿಹ್ನೆಗಳನ್ನು ಉದುರಿಸುವುದು. ಇಲ್ಲವೇ ಕನ್ನಡ ಯೂನಿಕೋಡ್ ವಿಭಾಗದ 128 ಸ್ಥಾನಗಳ ವ್ಯಾಪ್ತಿಯನ್ನೇ ನೇರವಾಗಿ ಹೆಸರಿಸುವುದು.

ಕಣ್ಣಿಗೆ ಕಾಣದ ವ್ಯತ್ಯಾಸಗಳು

ಎರಡು ಸಾಲುಗಳು ಪರದೆಯ ಮೇಲೆ ಒಂದೇ ಥರ ಕಾಣುತ್ತವೆ, ಪ್ರೋಗ್ರಾಂ ಮಾತ್ರ ಬೇರೆ ಎನ್ನುತ್ತದೆ. ಇದಕ್ಕೆ ಈ ಸೀಮೆಯ ಹೆಸರುಗಳಲ್ಲೇ ಮೂರು ಮಾದರಿ ಸಿಗುತ್ತವೆ.

ಮೊದಲನೆಯದು ಕೆಂಭಾವಿ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತುವ ಅಭ್ಯಾಸ ಟೈಪ್ ಮಾಡುವವರಲ್ಲಿ ಬಹಳ. ‘ಕೆಂಭಾವಿ’ ಮತ್ತು ‘ಕೆ೦ಭಾವಿ’ ಎರಡನ್ನೂ ಹತ್ತಿರ ಇಟ್ಟು ನೋಡಿ, ಎರಡನೆಯದರಲ್ಲಿರುವುದು ಅಂಕೆ. ಪದದ ನಡುವೆ ಕನ್ನಡ ಸೊನ್ನೆ ಬಂದು ಅದರ ಅಕ್ಕಪಕ್ಕ ಬೇರೆ ಅಂಕೆ ಇಲ್ಲದಿದ್ದರೆ ಅದನ್ನು ಅನುಸ್ವಾರಕ್ಕೆ ಬದಲಿಸುವ ನಿಯಮ ಪ್ರತಿ ಕನ್ನಡ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಇರಬೇಕು.

ಎರಡನೆಯದು ಶೋರಾಪುರ. ‘ಶೋ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿಯೂ ಇಡಬಹುದು. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮ, ಆದರೆ ಪೈಥಾನ್‌ನ ಸಮಚಿಹ್ನೆ ಅವನ್ನು ಸಮವೆಂದು ಒಪ್ಪದು. ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಕರೆದು ‘ಎನ್‌ಎಫ್‌ಸಿ’ ರೂಪಕ್ಕೆ ತಂದರೆ ಜಗಳ ಮುಗಿಯುತ್ತದೆ. ಈ, ಏ, ಐ, ಒ, ಓ ಸ್ವರಗಳ ಗುಣಿತ ಚಿಹ್ನೆಗಳೆಲ್ಲಕ್ಕೂ ಈ ಇಬ್ಬಗೆ ಇದೆ.

ಮೂರನೆಯದು ಗುರುಮಠಕಲ್. ‘ಗುರುಮಠಕಲ್‌ನಲ್ಲಿ’ ಎಂದು ಬರೆಯುವಾಗ ಲಕಾರದ ಕೆಳಗೆ ನಕಾರ ಒತ್ತಾಗಿ ಹೋಗದಂತೆ ತಡೆಯಲು ಅಗಲವಿಲ್ಲದ ಒಂದು ಅದೃಶ್ಯ ಸಂಕೇತ ಹಾಕುತ್ತೇವೆ. ಪ್ರತ್ಯಯ ಕತ್ತರಿಸಿ ಹೆಸರನ್ನು ನಕಲು ಮಾಡಿದಾಗ ಅದು ಬಾಲದಂತೆ ಉಳಿದುಬಿಡುತ್ತದೆ. ಖಾಲಿ ಜಾಗ ಸವರುವ ‘ಸ್ಟ್ರಿಪ್’ಗೆ ಇದು ಕಾಣುವುದಿಲ್ಲ, ಯಾಕೆಂದರೆ ಲೆಕ್ಕಪ್ರಕಾರ ಅದು ಖಾಲಿ ಜಾಗವಲ್ಲ. ಹೋಲಿಕೆಗೆ ಮುನ್ನ ‘ರಿಪ್ಲೇಸ್’ನಿಂದ ಹೆಸರಿಟ್ಟೇ ತೆಗೆಯಬೇಕು. ಮೂಲ ಕಡತದಿಂದ ಮಾತ್ರ ತೆಗೆಯಬಾರದು. ಮುದ್ರಣದಲ್ಲಿ ಅದಕ್ಕೆ ಕೆಲಸವಿದೆ.

ಅಕಾರಾದಿ

‘ಸಾರ್ಟೆಡ್’ ಕನ್ನಡ ಪಟ್ಟಿಯನ್ನು ಬಹುಮಟ್ಟಿಗೆ ಸರಿಯಾಗಿ ಜೋಡಿಸುತ್ತದೆ. ಯೂನಿಕೋಡ್‌ನಲ್ಲಿ ಅಕ್ಷರಗಳು ಹೆಚ್ಚೂಕಡಿಮೆ ವರ್ಣಮಾಲೆಯ ಕ್ರಮದಲ್ಲೇ ಕೂತಿರುವುದು ಅದಕ್ಕೆ ಕಾರಣ. ಕೈಕೊಡುವುದು ಮುಖ್ಯವಾಗಿ ಳಕಾರ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ, ಕಟ್ಟಕಡೆಗೆ. ಯೂನಿಕೋಡ್‌ನಲ್ಲಿ ಲಕಾರಕ್ಕೂ ವಕಾರಕ್ಕೂ ನಡುವೆ. ಹೀಗಾಗಿ ಯಾದಗಿರಿ ತಾಲ್ಲೂಕಿನ ಬಳಿಚಕ್ರ ಪಟ್ಟಿಯಲ್ಲಿ ಬಸವಸಾಗರಕ್ಕಿಂತ ಮೊದಲು ಬಂದು ಕೂರುತ್ತದೆ. ‘ಕೀ’ ಎಂಬ ಹೆಸರಿನಲ್ಲಿ ಪುಟ್ಟ ಫಂಕ್ಷನ್ ಕೊಟ್ಟು, ಜೋಡಿಸುವ ಹೊತ್ತಿಗೆ ಮಾತ್ರ ಳಕಾರವನ್ನು ಹಕಾರದ ಮುಂದಿನ ಸ್ಥಾನದ ಸಂಕೇತದಂತೆ ನಟಿಸುವ ಹಾಗೆ ಮಾಡಿದರೆ ಶಾಲೆಯ ಹಾಜರಿ ಪುಸ್ತಕವೂ ಗ್ರಂಥಾಲಯದ ಸೂಚಿಯೂ ಸರಿಯಾಗುತ್ತವೆ. ದೊಡ್ಡಕ್ಷರ ಚಿಕ್ಕಕ್ಷರದ ತಲೆನೋವು ಮಾತ್ರ ಕನ್ನಡದವರಿಗಿಲ್ಲ. ಇಂಗ್ಲಿಷ್ ಪುಸ್ತಕಗಳ ಒಂದಿಡೀ ಅಧ್ಯಾಯವನ್ನು ನಾವು ಹಾರಿಸಿ ಹೋಗಬಹುದು.

ಪಠ್ಯದೊಳಗೆ ಹುಡುಕುವಾಗ ಯೂನಿಕೋಡ್‌ನ ವ್ಯಂಜನವನ್ನೂ ಗುಣಿತ ಚಿಹ್ನೆಯನ್ನೂ ಬೇರೆಬೇರೆ ಇಡುವ ಸ್ವಭಾವ ಅನುಕೂಲಕ್ಕೂ ಬರುತ್ತದೆ. ಸುರಪುರ ಸೀಮೆಯ ಮುದನೂರು ವಚನಕಾರ ದೇವರ ದಾಸಿಮಯ್ಯನ ಊರೆಂದು ಪ್ರಸಿದ್ಧ. ‘ಮುದನೂರು’ ಎಂದು ಹುಡುಕಿದರೆ ‘ಮುದನೂರಿನಲ್ಲಿ’ ಎಂಬುದು ತಪ್ಪಿಹೋಗುತ್ತದೆ. ಕೊನೆಯ ಉಕಾರ ಬಿಟ್ಟು ‘ಮುದನೂರ’ ಎಂದು ಕೊಟ್ಟರೆ ಎರಡೂ ಸಿಗುತ್ತವೆ, ಏಕೆಂದರೆ ‘ರು’, ‘ರಿ’ ಎರಡರೊಳಗೂ ‘ರ’ ಇದ್ದೇ ಇದೆ. ದಾಸಿಮಯ್ಯನ ಅಂಕಿತ ‘ರಾಮನಾಥ’. ವಚನಗಳ ಪಠ್ಯ ಕಡತಗಳಿರುವ ಫೋಲ್ಡರಿನಲ್ಲಿ ಆ ಅಂಕಿತ ಎಷ್ಟು ಕಡೆ ಬಂದಿದೆ, ಅವನು ಹೆಚ್ಚು ಬಳಸುವ ಪದಗಳಾವುವು ಎಂದು ‘ಕೌಂಟರ್’ ಎಂಬ ಸಾಧನದಿಂದ ಎಣಿಸುವುದು ಹತ್ತು ಸಾಲಿನ ಕೆಲಸ. ವಚನಗಳನ್ನು ಯೂನಿಕೋಡ್‌ನಲ್ಲಿ ಹುಡುಕಲು ಸಿಗುವಂತೆ ಮಾಡಿದ ‘ವಚನ ಸಂಚಯ’ದಂಥ ಪ್ರಯತ್ನಗಳು ನಡೆದ ದಾರಿ ಇದೇ.

ಎಕರೆ, ಗುಂಟೆ, ಕ್ಯೂಸೆಕ್

ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ಎಕರೆ-ಗುಂಟೆಯಲ್ಲಿ ಇರುತ್ತದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಆದರೆ ಬಾಯಲ್ಲಿ ಹೇಳುವಂತೆ ‘ಮೂರು ಇಪ್ಪತ್ತೈದು’ ಎನ್ನುವುದನ್ನು 3.25 ಎಂದು ಸ್ಪ್ರೆಡ್‌ಶೀಟಿನಲ್ಲಿ ಹೊಡೆಯುವುದು ರೂಢಿ. ಅನಾಹುತ ಅಲ್ಲಿಂದ ಶುರು. 3 ಎಕರೆ 25 ಗುಂಟೆಗೆ 2 ಎಕರೆ 30 ಗುಂಟೆ ಕೂಡಿಸಬೇಕು. ಕಂಪ್ಯೂಟರ್ 3.25ಕ್ಕೆ 2.30 ಕೂಡಿಸಿ 5.55 ಎನ್ನುತ್ತದೆ. 55 ಗುಂಟೆ ಎಂಬುದೇ ಇಲ್ಲ. ನಿಜವಾದ ಉತ್ತರ 6 ಎಕರೆ 15 ಗುಂಟೆ. ಇದು ಕೂಡಿಕೆಯ ತಪ್ಪು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 3 ಎಕರೆ 10 ಗುಂಟೆಯನ್ನು 3.10 ಎಂದು ಬರೆದರೆ ಸ್ಪ್ರೆಡ್‌ಶೀಟ್ ಕೊನೆಯ ಸೊನ್ನೆ ನುಂಗಿ 3.1 ಎಂದು ಉಳಿಸಿಕೊಳ್ಳುತ್ತದೆ. ಆಮೇಲೆ ಅದು ಹತ್ತು ಗುಂಟೆಯೋ ಒಂದು ಗುಂಟೆಯೋ ಎಂದು ಯಾವ ಪ್ರೋಗ್ರಾಮೂ ಹೇಳಲಾರದು.

ಹಾಗಾಗಿ ಈ ಕಾಲಮ್ಮನ್ನು ಸಂಖ್ಯೆಯಾಗಿ ಓದಲೇಬಾರದು, ಪಠ್ಯವಾಗಿ ಓದಬೇಕು. ಅಡ್ಡಗೆರೆಯಲ್ಲೋ ಚುಕ್ಕೆಯಲ್ಲೋ ‘ಸ್ಪ್ಲಿಟ್’ ಮಾಡಿ, ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಸೇರಿಸಿದರೆ 145 ಮತ್ತು 110 ಸಿಗುತ್ತವೆ. ಒಟ್ಟು 255. ಅದನ್ನು ‘ಡಿವ್‌ಮಾಡ್’ ಎಂಬ ಫಂಕ್ಷನ್ನಿಗೆ 40ರ ಜೊತೆ ಕೊಟ್ಟರೆ ಭಾಗಲಬ್ಧ 6, ಶೇಷ 15 ಒಂದೇ ಏಟಿಗೆ ಬರುತ್ತವೆ. ಲೆಕ್ಕವೆಲ್ಲ ಗುಂಟೆಯಲ್ಲಿ, ಬರವಣಿಗೆ ಮಾತ್ರ ಎಕರೆಯಲ್ಲಿ ಎಂಬ ಕಟ್ಟುನಿಟ್ಟು ಇದ್ದರೆ ತಪ್ಪಾಗಲು ಸಂದಿಯೇ ಇಲ್ಲ. ದುಡ್ಡಿಗೂ ಇದೇ ನ್ಯಾಯ: 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು, ಅಂಥ ಮೊತ್ತಗಳನ್ನು ಪೈಸೆಗೆ ಇಳಿಸಿ ಪೂರ್ಣಾಂಕದಲ್ಲಿ ಲೆಕ್ಕ ಹಾಕುವುದು ಕ್ಷೇಮ. ಪೈಥಾನ್‌ನ ‘ರೌಂಡ್’ ಎರಡೂವರೆಯನ್ನು ಮೂರಕ್ಕೆ ಏರಿಸದೆ ಎರಡಕ್ಕೆ ಇಳಿಸುತ್ತದೆ, ಮೂರೂವರೆಯನ್ನು ನಾಲ್ಕಕ್ಕೆ ಏರಿಸುತ್ತದೆ. ಅದು ಬ್ಯಾಂಕಿನ ಪದ್ಧತಿ, ಅಂಗಡಿಯದ್ದಲ್ಲ.

ಕೃಷ್ಣಾ ನದಿಯ ನೀರಿನ ಲೆಕ್ಕ ಸುಲಭ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡ್. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ. ಬಸವಸಾಗರದಿಂದ ಒಂದು ಲಕ್ಷ ಕ್ಯೂಸೆಕ್ ದಿನವಿಡೀ ಬಿಟ್ಟರೆ 8.64 ಟಿಎಂಸಿ ಹೋಯಿತು ಎಂದರ್ಥ. ಪ್ರವಾಹದ ದಿನಗಳಲ್ಲಿ ನೀಲಕಂಠರಾಯನ ಗಡ್ಡಿ ಎಂಬ ನಡುಗಡ್ಡೆಯ ದಾರಿ ಮುಚ್ಚುವಾಗ ಪತ್ರಿಕೆಗಳಲ್ಲಿ ಬರುವ ಅಂಕಿಗಳನ್ನು ಓದುಗರೇ ಹೀಗೆ ಪರೀಕ್ಷಿಸಬಹುದು. ಜಲಾಶಯದ ಮಟ್ಟಕ್ಕೆ ಮಾತ್ರ ಒಂದು ತಡೆ ಇರಲಿ: ಗರಿಷ್ಠ ಮಟ್ಟ 492.25 ಮೀಟರ್ ಇರುವ ಕಡೆ 49,225 ಎಂಬ ಸಾಲು ಬಂದರೆ ಚುಕ್ಕೆ ಬಿಟ್ಟುಹೋಗಿದೆ ಎಂದು ಪ್ರೋಗ್ರಾಂ ಕೂಗಬೇಕು.

ಅಂಕಿ ಬರೆಯುವ ರೀತಿ ಇನ್ನೊಂದು ತೊಡಕು. ಪೈಥಾನ್‌ಗೆ ಅಲ್ಪವಿರಾಮ ಹಾಕೆಂದರೆ ಜಿಲ್ಲೆಯ ಜನಸಂಖ್ಯೆಯನ್ನು 1,174,271 ಎಂದು ಮೂರು ಮೂರರ ಗುಂಪು ಮಾಡುತ್ತದೆ. ಲಕ್ಷ-ಕೋಟಿಗೆ ಕೊನೆಯ ಮೂರು ಅಂಕಿ ಬಿಟ್ಟು ಉಳಿದವನ್ನು ಎರಡೆರಡಾಗಿ ಕತ್ತರಿಸುವ ಸ್ವಂತ ಫಂಕ್ಷನ್ ಬರೆದುಕೊಳ್ಳಬೇಕು. ಕನ್ನಡ ಅಂಕಿಗಳನ್ನು ಓದುವುದರಲ್ಲಿ ಮಾತ್ರ ಪೈಥಾನ್ ಉದಾರಿ: ‘೨೦೦೯’ ಎಂಬ ಪಠ್ಯವನ್ನು ‘ಇಂಟ್’ಗೆ ಕೊಟ್ಟರೆ ತಕರಾರಿಲ್ಲದೆ 2009 ಎಂದು ತೆಗೆದುಕೊಳ್ಳುತ್ತದೆ. ಅಲ್ಪವಿರಾಮ ಇದ್ದರೆ ಒಪ್ಪುವುದಿಲ್ಲ, ಮೊದಲೇ ತೆಗೆಯಬೇಕು.

ಎಲ್ಲ ಅಂಕಿಯೂ ಸಂಖ್ಯೆಯಲ್ಲ ಎಂಬುದನ್ನೂ ನೆನಪಿಡಬೇಕು. ಯಾದಗಿರಿಯ ದೂರವಾಣಿ ಸಂಕೇತ 08473, ಶಹಾಪುರದ್ದು 08479, ಸುರಪುರದ್ದು 08443. ಸಂಖ್ಯೆಯಾಗಿ ಓದಿದರೆ ಮುಂದಿನ ಸೊನ್ನೆ ಹೋಯಿತು. ಪಿನ್ ಕೋಡ್, ಸರ್ವೆ ನಂಬರ್, ಕೆಎ-33ರಿಂದ ಶುರುವಾಗುವ ವಾಹನ ನೋಂದಣಿ ಎಲ್ಲವೂ ಪಠ್ಯವೇ.

ದಿನಾಂಕ

ನಾವು ದಿನ-ತಿಂಗಳು-ವರ್ಷ ಎಂದು ಬರೆಯುತ್ತೇವೆ. ‘ಸ್ಟ್ರಿಪ್‌ಟೈಮ್’ಗೆ ಆ ಕ್ರಮವನ್ನು ಸ್ಪಷ್ಟವಾಗಿ ಹೇಳಲೇಬೇಕು. ಕ್ರಮವನ್ನು ತಾವೇ ಊಹಿಸುವ ಸಾಧನಗಳಿಗೆ ಬಿಟ್ಟರೆ 5-8 ಎಂಬುದು ಆಗಸ್ಟ್ ಐದೂ ಆಗಬಹುದು, ಮೇ ಎಂಟೂ ಆಗಬಹುದು. ಅಂತರ ತಿಳಿಯಲು ಎರಡು ದಿನಾಂಕಗಳನ್ನು ಕಳೆದರೆ ಸಾಕು. ಹೈದರಾಬಾದ್ ಸಂಸ್ಥಾನದ ಆಳ್ವಿಕೆ ಕೊನೆಗೊಂಡ 17-9-1948ರಿಂದ ಈ ಸೀಮೆ ಏಕೀಕೃತ ರಾಜ್ಯಕ್ಕೆ ಸೇರಿದ 1-11-1956ರವರೆಗೆ 2,967 ದಿನ ಎಂದು ಪೈಥಾನ್ ಕ್ಷಣದಲ್ಲಿ ಹೇಳುತ್ತದೆ. ಅದಕ್ಕೂ ಹಿಂದಿನ ಕಂದಾಯ ಕಾಗದಗಳಲ್ಲಿ ಬರುವುದು ಫಸಲಿ ವರ್ಷ. 1358 ಫಸಲಿಗೆ 590 ಕೂಡಿಸಿದರೆ 1948ರ ಆಸುಪಾಸು ಬರುತ್ತದೆ. ಆದರೆ ಫಸಲಿ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಒಂದು ಫಸಲಿ ಎರಡು ಇಸವಿಗಳಲ್ಲಿ ಹರಡಿರುತ್ತದೆ. ಪೈಥಾನ್‌ನ ‘ಡೇಟ್‌ಟೈಮ್’ಗೆ ಗ್ರೆಗೋರಿಯನ್ ಪಂಚಾಂಗ ಬಿಟ್ಟು ಬೇರೆ ತಿಳಿಯದು. ಫಸಲಿಯನ್ನು ದಿನಾಂಕವಾಗಿ ಬದಲಿಸಲು ಹೋಗದೆ, ಮೂಲವನ್ನು ಪಠ್ಯವಾಗಿಯೇ ಉಳಿಸಿ ಪಕ್ಕದಲ್ಲಿ ಅಂದಾಜು ಇಸವಿಯ ಕಾಲಮ್ ಇಡುವುದು ಪ್ರಾಮಾಣಿಕ ವಿಧಾನ.

ಕಡತಗಳು ಮತ್ತು ನುಡಿ

ಕನ್ನಡ ಕಡತವನ್ನು ವಿಂಡೋಸ್‌ನಲ್ಲಿ ‘ಓಪನ್’ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಲೇಬೇಕು. ಬರೆಯದಿದ್ದರೆ ಯಂತ್ರ ಹಳೆಯ ಪಾಶ್ಚಾತ್ಯ ಸಂಕೇತಮಾಲೆಯಲ್ಲಿ ಓದಲು ಹೋಗಿ ಮುಗ್ಗರಿಸುತ್ತದೆ. ಪೈಥಾನ್ 3.15ರಿಂದ ಯುಟಿಎಫ್-8ನ್ನೇ ಪೂರ್ವನಿಯೋಜಿತ ಮಾಡಲು ನಿರ್ಧಾರವಾಗಿದೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯುವವರಿಗಾಗಿ ‘ಯುಟಿಎಫ್-8-ಸಿಗ್’ ಎಂದು ಬರೆದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಜೇಸನ್ ಕಡತಕ್ಕೆ ಬರೆಯುವಾಗ ‘ಎನ್‌ಶೂರ್-ಆಸ್ಕಿ’ಯನ್ನು ‘ಫಾಲ್ಸ್’ ಮಾಡದಿದ್ದರೆ ಅಕ್ಷರಗಳ ಬದಲು ಸಂಕೇತ ಸಂಖ್ಯೆಗಳ ಸಾಲು ಸಿಗುತ್ತದೆ.

ನಿಜವಾದ ಹೊರೆ ಹಳೆಯ ಕಡತಗಳದ್ದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮತ್ತು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶಗಳಿಂದ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ನೆಲೆಯೂರಿತು. ಆದರೆ ನುಡಿಯ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಲ್ಯಾಟಿನ್ ಅಕ್ಷರ, ಚಿಹ್ನೆಗಳೇ; ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ದೊಡ್ಡ ‘ವಿ’ ಅಕ್ಷರವೇ ‘ಗಿ’, ಸಣ್ಣ ‘ಜೆ’ ಅಕ್ಷರವೇ ‘ರಿ’. ಫಾಂಟು ಇಲ್ಲದ ಯಂತ್ರದಲ್ಲಿ ಯಾದಗಿರಿ ಎಂಬುದು ತಲೆಬುಡವಿಲ್ಲದ ಲ್ಯಾಟಿನ್ ಸಾಲಾಗಿ ಕಾಣುವುದು ಇದಕ್ಕೇ.

ಯೂನಿಕೋಡ್‌ಗೆ ತಿರುಗಿಸಲು ಮೊದಲು ಬೇಕಾದದ್ದು ಬದಲಿಗಳ ದೊಡ್ಡ ‘ಡಿಕ್ಷನರಿ’. ಅದರಲ್ಲಿ ಉದ್ದದ ಜೋಡಿಗಳನ್ನು ಮೊದಲು, ಒಂಟಿಗಳನ್ನು ಆಮೇಲೆ ಹುಡುಕಬೇಕು, ಏಕೆಂದರೆ ‘ಯ’ದಂಥ ಅಕ್ಷರ ಅಲ್ಲಿ ಹಲವು ತುಣುಕುಗಳಿಂದ ಆಗಿರುತ್ತದೆ. ಇನ್ನೊಂದು ಸೂಕ್ಷ್ಮ ಅರ್ಕಾವತ್ತು. ‘ಕರ್ನಾಟಕ’ ಎಂಬಲ್ಲಿ ನುಡಿ ಕಡತ ‘ನಾ’ ಬರೆದು ಆಮೇಲೆ ಅರ್ಕಾವತ್ತಿನ ಗುರುತು ಇಡುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ‘ರ್’ ಮೊದಲು, ‘ನಾ’ ಆಮೇಲೆ ಕೇಳುತ್ತದೆ. ಬರೀ ಬದಲಿಸಿದರೆ ಸಾಲದು, ಹಿಂದೆ ಮುಂದೆ ಮಾಡಬೇಕು. ಅರವಿಂದ ವಿ. ಕೆ. ಅವರು ಇದಕ್ಕಾಗಿ ಬರೆದು ಮುಕ್ತವಾಗಿ ಬಿಟ್ಟ ಪೈಥಾನ್ ಪರಿವರ್ತಕ ಕನ್ನಡಿಗರ ನಡುವೆ ಬಳಕೆಯಲ್ಲಿದೆ. ಸ್ವಂತದ್ದು ಬರೆಯುವ ಮುನ್ನ ಅದನ್ನು ಓದುವುದು ಒಳ್ಳೆಯ ಪಾಠ.

ಕನ್ನಡದಲ್ಲೇ ಕೋಡ್

ಪೈಥಾನ್ 3ರಲ್ಲಿ ಚರಗಳಿಗೆ ‘ಎಕರೆ’, ‘ಗುಂಟೆ’, ‘ಒಟ್ಟು’ ಎಂದೇ ಹೆಸರಿಡಬಹುದು. ಮೇಲೆ ಹೇಳಿದ ಅದೃಶ್ಯ ಸಂಕೇತ ಆ ಹೆಸರಿನಲ್ಲಿ ನುಸುಳಿದರೆ ಮಾತ್ರ ಪ್ರೋಗ್ರಾಂ ದೋಷ ತೋರಿಸುತ್ತದೆ. ‘ಇಫ್’, ‘ಫಾರ್’ ಮುಂತಾದ ಕಾದಿಟ್ಟ ಪದಗಳು ಇಂಗ್ಲಿಷಿನಲ್ಲೇ ಇರಬೇಕು. ಆದೇಶಗಳೂ ಕನ್ನಡದಲ್ಲಿರುವ ಪ್ರಯೋಗ ಯು. ಬಿ. ಪವನಜ ಅವರ ಕನ್ನಡ ಲೋಗೋದಲ್ಲಿ ನಡೆದಿದೆ. ಅದು ಮಕ್ಕಳ ಕಲಿಕೆಗೆ ಹೊಂದುವ ಭಾಷೆ. ಲೆಕ್ಕದ ಸ್ಕ್ರಿಪ್ಟುಗಳಲ್ಲಿ ಕನ್ನಡದ ಚರಗಳು ಓದಲು ಹಿತ. ಆದರೆ ಪ್ರತಿ ಪದಕ್ಕೂ ಕೀಲಿಮಣೆ ಬದಲಿಸುವ ಕಿರಿಕಿರಿಯಿಂದಾಗಿ ಇದು ಹೆಚ್ಚು ನಡೆಯುತ್ತಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಪೈಥಾನ್ ಇರುವುದರಿಂದ ಸುರಪುರದ ಹಸನಾಪುರದಲ್ಲಿರುವ ವೀರಪ್ಪ ನಿಷ್ಠಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳು ಅದನ್ನು ಕಲಿಯುತ್ತಾರೆ. ಅಭ್ಯಾಸದ ಲೆಕ್ಕಗಳು ಮಾತ್ರ ಇಂದಿಗೂ ಇಂಗ್ಲಿಷ್ ಪದ ತಿರುಗಿಸುವುದು, ಡಾಲರ್ ಲೆಕ್ಕ ಹಾಕುವುದರ ಸುತ್ತಲೇ ಇವೆ. ಕಲಿಸುವವರಲ್ಲಿ ಒಂದು ಕೋರಿಕೆ: ಮುಂದಿನ ಪ್ರಯೋಗಾಲಯದ ಪಟ್ಟಿಯಲ್ಲಿ ಎಕರೆ-ಗುಂಟೆಯ ಕೂಡಿಕೆಯನ್ನೂ ಜಿಲ್ಲೆಯ ಊರುಗಳ ಅಕಾರಾದಿಯನ್ನೂ ಸೇರಿಸಿ. ಎರಡಕ್ಕೂ ಇಂಟರ್ನೆಟ್ ಬೇಡ, ಕಾಲೇಜಿನ ಹಳೆಯ ಕಂಪ್ಯೂಟರ್ ಸಾಕು.